ಒಂಬತ್ತನೆಯ ವಾಕ್ಯದ ನಕ್ಷತ್ರ

ವುಸ್ಟರ್, ಮ್ಯಾಸಚೂಸೆಟ್ಸ್
ಸೆಪ್ಟೆಂಬರ್ ೧೦, ೧೯೭೯

ಪ್ರಿಯ ವರ್ನಾ,

ಎಂಟು ವರ್ಷಗಳ ಮೇಲೆ ನನ್ನ ಕೈಬರಹ ಕಂಡು ಗಾಬರಿಯಾಗಬೇಡ. ಯಾರೂ ಸತ್ತಿಲ್ಲ. ವಿಳಾಸ ಕೊಟ್ಟವನು ನಿನ್ನ ತಮ್ಮ ಡ್ವೈಟ್. ಕೊಡಲು ಅವನಿಗೆ ಮನಸ್ಸಿರಲಿಲ್ಲ ಎಂಬುದು ಫೋನಿನಲ್ಲೇ ತಿಳಿಯಿತು.

ವಿಷಯಕ್ಕೆ ಬರುತ್ತೇನೆ. ನನ್ನ ಪುಸ್ತಕ ನಿನಗೆ ನೆನಪಿರಲೇಬೇಕು, ಅದರ ಕರಡನ್ನು ಮೂರು ಸಲ ಟೈಪ್ ಮಾಡಿದವಳು ನೀನು. ಇಂಗ್ಲಿಷ್ ಆಡುವವರು ವಾಕ್ಯದಲ್ಲಿ ಯಾವ ಭಾಗವನ್ನು ಆಡದೆ ಬಿಡುತ್ತಾರೆ, ಯಾವುದನ್ನು ಬಿಡಲಾರರು ಎಂಬುದೇ ಅದರ ಹೂರಣ. 'ಹೆರಾಲ್ಡ್ ಕಿಟಕಿ ಒರೆಸಿದ, ಮಾರ್ಥಾ ಕೂಡ' ಎಂದರೆ ಮಾರ್ಥಾ ಏನು ಮಾಡಿದಳೆಂದು ಯಾರೂ ಕೇಳುವುದಿಲ್ಲ. ಆಡದ ಆ ಭಾಗ ಮನಸ್ಸಿನಲ್ಲಿ ಇಡಿಯಾಗಿ ಇರುತ್ತದೆ, ಅದಕ್ಕೆ ದನಿ ಮಾತ್ರ ಸಿಕ್ಕಿರುವುದಿಲ್ಲ. ಆದರೆ ಹಾಗೆ ಬಿಡಬೇಕಾದರೆ ಅದು ಅದೇ ರೂಪದಲ್ಲಿ ಹಿಂದೆ ಒಮ್ಮೆ ಬಂದಿರಬೇಕು. ಇದು ನನ್ನ ವಾದ. ರೂಪ ಬೇರೆಯಾದರೆ ಬಿಡಲಾಗದು ಎಂದು ತೋರಿಸಲು ಪುಟ ೧೧೨ರಲ್ಲಿ ಹದಿನೇಳು ವಾಕ್ಯಗಳಿವೆ. ಹದಿನೇಳೂ ವಾಕ್ಯಗಳ ಮುಂದೆ ತಪ್ಪು ಎಂಬ ಗುರುತಿನ ನಕ್ಷತ್ರವಿದೆ.

ಈಗ ನೋರೀನ್ ಸ್ಟ್ರಾಟನ್ ಎಂಬ ಇಪ್ಪತ್ತೊಂಬತ್ತು ವರ್ಷದ ಅಧ್ಯಾಪಕಿ ಆ ಹದಿನೇಳನ್ನೂ ನಲವತ್ತು ವಿದ್ಯಾರ್ಥಿಗಳ ಮುಂದಿಟ್ಟು ಸರಿಯೋ ತಪ್ಪೋ ಎಂದು ಕೇಳಿದ್ದಾಳೆ. ಮೂವತ್ತೊಂದು ಮಂದಿ ಎಲ್ಲವೂ ಸರಿಯೇ ಎಂದರಂತೆ. ರೂಪ ಹೇಗಿದ್ದರೇನು, ಕೇಳುವವರಿಗೆ ಅರ್ಥ ಸಿಕ್ಕರಾಯಿತು ಎಂಬುದು ಅವಳ ವಾದ. ಡಿಸೆಂಬರ್ ಕೊನೆಗೆ ನಮ್ಮ ಭಾಷಾವಿಜ್ಞಾನಿಗಳ ಚಳಿಗಾಲದ ಸಭೆಯಲ್ಲಿ ಇದನ್ನು ಓದುತ್ತಾಳೆ. ಪ್ರಕಾಶಕರು ನನ್ನ ಪುಸ್ತಕದ ಹೊಸ ಮುದ್ರಣವನ್ನು ಅಲ್ಲಿಯವರೆಗೆ ತಡೆದಿದ್ದಾರೆ.

ನಾನು ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಎಸ್ಟೋನಿಯಾದ ನಿರಾಶ್ರಿತನಾಗಿ ಈ ದೇಶದಲ್ಲಿ ಹಡಗಿನಿಂದ ಇಳಿದವನು. ಇಂಗ್ಲಿಷಿನಲ್ಲಿ ಯಾವುದು ಸರಿ ಎಂದು ಹೇಳುವ ಅಧಿಕಾರ ನನಗಿಲ್ಲ, ಅದು ಹುಟ್ಟಿನಿಂದ ಬರುವಂಥದ್ದು. ಆ ಹದಿನೇಳರ ತೀರ್ಪು ನಿನ್ನದು. ಹದಿನೇಳು ಕಾರ್ಡುಗಳನ್ನು ಇದರೊಂದಿಗೆ ಇಟ್ಟಿದ್ದೇನೆ. ಒಂದೊಂದರ ಕೆಳಗೂ 'ಈಗಲೂ ತಪ್ಪು' ಎಂದು ಬರೆದು ಸಹಿ ಹಾಕಿ ಕಳಿಸು. ಹತ್ತು ನಿಮಿಷದ ಕೆಲಸ.

ವಂದನೆಗಳೊಂದಿಗೆ,
ಎಂಡೆಲ್ ರೌಡ್


ಚಿಲಿಕಾಥಿ, ಓಹಿಯೋ
ಅಕ್ಟೋಬರ್ ೨, ೧೯೭೯

ಎಂಡೆಲ್,

ಕಾರ್ಡುಗಳು ಬಂದವು. ಬ್ರೆಡ್ಡಿನ ಡಬ್ಬಿಯ ಹಿಂದೆ ಇಟ್ಟಿದ್ದೇನೆ, ತುಂಬಿಲ್ಲ. ಹತ್ತು ನಿಮಿಷದ ಕೆಲಸ ಎನ್ನುತ್ತೀಯ. ಹದಿನಾಲ್ಕು ವರ್ಷದ ಸಂಸಾರವೆಲ್ಲ ನಿನ್ನ ಹತ್ತು ನಿಮಿಷಗಳಲ್ಲೇ ಕಳೆದುಹೋಯಿತು.

ಮದುವೆಯಾದ ವಾರದಲ್ಲೇ ಪಾಠ ಶುರುವಾಗಿತ್ತು. ವಾಕ್ಯದ ಮುಂದೆ ನಕ್ಷತ್ರ ಹಾಕಿದರೆ ಇಂಗ್ಲಿಷಿನಲ್ಲಿ ಹುಟ್ಟಿಬೆಳೆದ ಯಾವ ಮನುಷ್ಯನೂ ಅದನ್ನು ಆಡಲಾರ ಎಂದು ಅರ್ಥ, ಅಂದೆ. ನಾನು ಮೊಟ್ಟೆ ಹುರಿಯುತ್ತಿದ್ದರೆ ಬೆನ್ನ ಹಿಂದೆ ಬಂದು ನಿಂತು, "ಹೀಗೆ ಹೇಳಬಹುದಾ?" ಎಂದು ಕೇಳುತ್ತಿದ್ದೆ. ಬೇರೆ ಗಂಡಂದಿರು ಉಪ್ಪು ಹೆಚ್ಚಾಯಿತು ಎಂದು ಗೊಣಗುತ್ತಾರೆ. ನೀನು ನನ್ನ ಅಡುಗೆಗೆ ಒಂದು ದಿನವೂ ಕೊಂಕು ತೆಗೆದವನಲ್ಲ, ತಿಂದೆಯೋ ಇಲ್ಲವೋ ನಿನಗೇ ಗೊತ್ತಿರಲಿಲ್ಲ. ನಾನು ಅತ್ತರೂ ಅಳುತ್ತಾ ಏನಂದೆ ಎಂದು ಜೇಬಿನಿಂದ ಪೆನ್ಸಿಲ್ ತೆಗೆಯುತ್ತಿದ್ದೆ.

ನಿಮ್ಮ ವಿಭಾಗದ ಪಾರ್ಟಿಗಳಲ್ಲಿ ಹೆಂಗಸರೆಲ್ಲ ಅಡುಗೆಮನೆಯಲ್ಲಿ ಸೇರಿ ಏನು ಮಾತಾಡುತ್ತಿದ್ದೆವು ಗೊತ್ತೇ? ನಿನ್ನವನು ಇವತ್ತು ಎಷ್ಟು ಕೇಳಿದ, ನನ್ನವನು ಎಷ್ಟು ಕೇಳಿದ ಎಂದು. ಒಬ್ಬಳು ಹೇಳಿದ್ದಳು: "ನಮ್ಮವರು ಹೆರಿಗೆ ವಾರ್ಡಿಗೇ ಪಟ್ಟಿ ತಂದಿದ್ರು ಕಣೇ. ನೋವಿನ ಮಧ್ಯೆ ಸರಿ, ತಪ್ಪು, ಸರಿ, ತಪ್ಪು ಅಂದೆ. ಯಾವುದಕ್ಕೆ ಏನಂದ್ನೋ ದೇವರಿಗೇ ಗೊತ್ತು." ನಾವೆಲ್ಲ ನಕ್ಕೆವು. ಅದೂ ಈಗ ಯಾವುದೋ ಪುಸ್ತಕದಲ್ಲಿ ಆಧಾರವಾಗಿ ಕೂತಿರಬೇಕು.

ನಿನ್ನ ಪುಸ್ತಕದಲ್ಲಿ ನನ್ನ ಹೆಸರು ಎಲ್ಲಿಯೂ ಇಲ್ಲ. 'ಒಬ್ಬ ಭಾಷಿಕರ ತೀರ್ಪಿನಂತೆ' ಎಂದಿದೆ. ಆ ಒಬ್ಬ ಭಾಷಿಕರು ಈಗ ಇಲ್ಲಿನ ಶಾಲೆಯ ಅಡುಗೆಮನೆಯಲ್ಲಿ ದಿನಕ್ಕೆ ಮುನ್ನೂರು ಮಕ್ಕಳಿಗೆ ಬಡಿಸುತ್ತಾರೆ.

ಆಗುವುದಿಲ್ಲ ಎಂದು ನಾನು ಇನ್ನೂ ಹೇಳಿಲ್ಲ. ಒಂಬತ್ತನೆಯ ಕಾರ್ಡು ನೋಡಿದೆ. ಅದಾದ ಮೇಲೆ ಉಳಿದವುಗಳಿಗೆ ಕೈ ಹೋಗಲಿಲ್ಲ.

ವರ್ನಾ ಪ್ರೂಯಿಟ್


ವುಸ್ಟರ್
ಅಕ್ಟೋಬರ್ ೧೯, ೧೯೭೯

ಪ್ರಿಯ ವರ್ನಾ,

ಹಳೆಯ ದೂರುಗಳಿಗೆ ಉತ್ತರ ಕೊಡುವುದಿಲ್ಲ. ಪಾರ್ಟಿಗಳ ವಿಷಯದಲ್ಲಿ ನೀನು ಹೇಳಿದ್ದು ನಿಜವಿರಬಹುದು. ನಾವು ಯಾರೂ ಧ್ವನಿಮುದ್ರಣ ಯಂತ್ರ ಕೊಳ್ಳುವ ಸ್ಥಿತಿಯಲ್ಲಿರಲಿಲ್ಲ, ಹೆಂಡತಿಯರಿದ್ದರು.

ಒಂಬತ್ತನೆಯದರಲ್ಲಿ ಏನಿದೆ ಎಂದು ಪುಸ್ತಕ ತೆಗೆದು ನೋಡಿದೆ. 'ಆ ಪಾತ್ರೆ ತೊಳೆಯೋದಿತ್ತು, ನಾನಾಗಲೇ.' ಹದಿನೇಳರಲ್ಲಿ ಇದೇ ಸೊಗಸಾದದ್ದು. ಮೊದಲ ಅರ್ಧದಲ್ಲಿ ಪಾತ್ರೆ ಇದೆ, ತೊಳೆಯುವವರಿಲ್ಲ. ಎರಡನೆಯ ಅರ್ಧದಲ್ಲಿ ತೊಳೆದವರಿದ್ದಾರೆ, ತೊಳೆದದ್ದನ್ನು ಹೇಳಿಲ್ಲ. ಒಂದರ ರೂಪ ಇನ್ನೊಂದರದ್ದಲ್ಲ, ಆದ್ದರಿಂದ ಬಿಡುವಂತಿಲ್ಲ. ಹದಿಮೂರು ವರ್ಷಗಳಿಂದ ವಿದ್ಯಾರ್ಥಿಗಳು ಇದೊಂದನ್ನೇ ನೆನಪಿಟ್ಟುಕೊಂಡು ಪರೀಕ್ಷೆಯಲ್ಲಿ ಬರೆಯುತ್ತಾರೆ. ಎಷ್ಟು ಸಹಜವಾಗಿ ತಪ್ಪಾಗಿದೆ ನೋಡು. ಯಾವ ಗಳಿಗೆಯಲ್ಲಿ ಇದನ್ನು ಕಟ್ಟಿದೆನೋ ನೆನಪಿಲ್ಲ, ಆದರೆ ಚೆನ್ನಾಗಿ ಕಟ್ಟಿದ್ದೇನೆ. ಅದರಲ್ಲಿ ನಿನ್ನನ್ನು ತಡೆದದ್ದು ಏನು ಎಂದು ನನಗೆ ಅರ್ಥವಾಗಲಿಲ್ಲ.

ನವೆಂಬರ್ ಇಪ್ಪತ್ತರೊಳಗೆ ಕಾರ್ಡುಗಳು ನನ್ನ ಕೈಸೇರಬೇಕು. ನನಗೆ ಐವತ್ತನಾಲ್ಕು. ನನ್ನ ಬಳಿ ಈ ಪುಸ್ತಕ ಒಂದೇ ಇದೆ.

ಎಂಡೆಲ್


ಚಿಲಿಕಾಥಿ
ನವೆಂಬರ್ ೧೧, ೧೯೭೯

ಎಂಡೆಲ್,

ಅದನ್ನು ನೀನು ಕಟ್ಟಲಿಲ್ಲ. ಅದು ನಮ್ಮಮ್ಮನ ಮಾತು.

ಒಂದು ವಾರ ಈ ಕಾಗದ ಬರೆಯಲು ಕೂತು ಎದ್ದೆ. ನಿನಗೆ ನಿಜವಾಗಿಯೂ ನೆನಪಿಲ್ಲವೋ, ಬೇಕೆಂದೇ ಹಾಗೆ ಬರೆದೆಯೋ ಎಂದು ಯೋಚಿಸಿದೆ. ನೆನಪಿಲ್ಲ ಎಂದೇ ನಂಬುತ್ತೇನೆ. ಅದೇ ಹೆಚ್ಚು ಉರಿಯುತ್ತದೆ.

೧೯೬೨ರ ಥ್ಯಾಂಕ್ಸ್‌ಗಿವಿಂಗ್. ಅಮ್ಮ ನಮ್ಮ ಮನೆಗೆ ಬಂದದ್ದು ಅದೇ ಮೊದಲು. ಒಂದು ಹಗಲು, ಒಂದು ರಾತ್ರಿ ಬಸ್ಸಿನಲ್ಲಿ ಕುಂಬಳದ ಕಡುಬನ್ನು ತೊಡೆಯ ಮೇಲೆ ಇಟ್ಟುಕೊಂಡು ಬಂದಿದ್ದಳು. ಅಳಿಯ ಪ್ರೊಫೆಸರ್ ಎಂದು ಹೊಸ ಬಟ್ಟೆ ಹೊಲಿಸಿಕೊಂಡಿದ್ದಳು. ಊಟವಾದ ಮೇಲೆ ನಾನು ಅಡುಗೆಮನೆಗೆ ಹೋಗಲು ಏಳುವಷ್ಟರಲ್ಲಿ ಅಮ್ಮ ಒದ್ದೆ ಕೈ ಒರೆಸಿಕೊಳ್ಳುತ್ತಾ ಬಾಗಿಲಲ್ಲಿ ನಿಂತು ಹೇಳಿದಳು: "ಕೂತ್ಕೋ ಮಗಾ. ಆ ಪಾತ್ರೆ ತೊಳೆಯೋದಿತ್ತು, ನಾನಾಗಲೇ."

ನೀನು ಕಡುಬು ತಿನ್ನುವುದನ್ನು ನಿಲ್ಲಿಸಿ ಕಾಗದದ ಕರವಸ್ತ್ರದ ಮೇಲೆ ಬರೆದುಕೊಂಡೆ. ಇನ್ನೊಂದು ಸಲ ಹೇಳಿ ಎಂದೆ. ಅಮ್ಮ ಹೇಳಿದಳು. ಮತ್ತೂ ಒಮ್ಮೆ ಎಂದೆ. ಅಷ್ಟರಲ್ಲಿ ಅವಳ ಮುಖ ಕೆಂಪಾಗಿತ್ತು. ಮೂರನೆಯ ಸಲ ಅವಳು ಅದನ್ನು ಶಾಲೆಯ ಮೇಷ್ಟ್ರ ಎದುರು ಒಪ್ಪಿಸುವವಳ ಹಾಗೆ 'ನಾನಾಗಲೇ ತೊಳೆದೆ' ಎಂದು ಇಡಿಯಾಗಿ, ಒಂದೂ ಪದ ಬಿಡದೆ ಹೇಳಿದಳು. ನೀನು ನನ್ನ ಕಡೆ ತಿರುಗಿ, "ವರ್ನಾ, ಮೊದಲನೆಯದನ್ನು ಹಾಗೆ ಹೇಳಬಹುದಾ?" ಎಂದು ಕೇಳಿದೆ.

ಆ ಹೊತ್ತಿಗೆ ನಮ್ಮ ಮದುವೆಗೆ ಐದು ವರ್ಷ. ನಾನು ಸರಿ ಎಂದ ದಿನ ನೀನು ತಟ್ಟೆ ತಳ್ಳಿ ಓದುವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ನಿನ್ನ ವಾದಕ್ಕೆ ಬೇಕಾದ ಹಾಗೆ ತಪ್ಪು ಎಂದ ದಿನ ನನ್ನ ಹೆಗಲ ಮೇಲೆ ಕೈ ಇಡುತ್ತಿದ್ದೆ. ಯಾವುದು ಬೇಕು ಎಂಬುದು ನಿನ್ನ ಹುಬ್ಬಿನಲ್ಲೇ ಇರುತ್ತಿತ್ತು. ನಾನು ವಾಕ್ಯ ಕೇಳುವುದನ್ನು ಬಿಟ್ಟು ಹುಬ್ಬು ನೋಡಲು ಕಲಿತಿದ್ದೆ. ಅವತ್ತೂ ನೋಡಿದೆ. ನೋಡಿ, ಅಮ್ಮ ಕೈಯಲ್ಲಿ ಒದ್ದೆ ಬಟ್ಟೆ ಹಿಡಿದು ನಿಂತಿರುವಾಗಲೇ ಹೇಳಿದೆ: "ಇಲ್ಲ. ಹಾಗೆ ಯಾರೂ ಮಾತಾಡಲ್ಲ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕೇಳಿದವನು ನೀನು, ಹೇಳಿದವಳು ನಾನು. ನಿನ್ನೊಬ್ಬನ ಮೇಲೆ ಹಾಕುತ್ತಿಲ್ಲ.

ಆಮೇಲೆ ಅಮ್ಮ ನನ್ನೊಡನೆ ಮಾತು ಕಡಿಮೆ ಮಾಡಿದಳು. ಜಗಳವಿಲ್ಲ, ಕೋಪವಿಲ್ಲ. ಭಾನುವಾರ ನಾನು ಫೋನ್ ಮಾಡಿದರೆ ಹಿಂದಿನಿಂದ ಅವಳ ದನಿ ಕೇಳುತ್ತಿತ್ತು: "ಡ್ವೈಟ್, ನೀನೇ ಮಾತಾಡಪ್ಪ. ನಾನು ಏನಾದ್ರೂ ತಪ್ಪು ಹೇಳ್ಬಿಡ್ತೀನಿ." ಸಾಯುವವರೆಗೂ, ಆರೂವರೆ ವರ್ಷ, ಹವಾಮಾನ ಒಂದನ್ನು ಬಿಟ್ಟು ಅವಳು ನನಗೆ ಬೇರೇನೂ ಹೇಳಲಿಲ್ಲ. ಹವಾಮಾನವನ್ನೂ ಅಳೆದು ಸುರಿದು ಹೇಳುತ್ತಿದ್ದಳು.

ಕಾರ್ಡುಗಳನ್ನು ಕಳಿಸುತ್ತಿದ್ದೇನೆ. ಹದಿನೇಳೂ ಸರಿ ಎಂದು ಬರೆದಿದ್ದೇನೆ, ನಿಜವಾಗಿಯೂ ಅವು ಸರಿ. ನಾವು ಇಲ್ಲಿ ಹಾಗೇ ಮಾತಾಡುತ್ತೇವೆ, ಯಾವತ್ತೂ ಹಾಗೇ.

ಆದರೆ ನಿನ್ನ ಪುಸ್ತಕ ಮುಳುಗಲಿ ಎಂದು ನನಗಿಲ್ಲ. ಒಂದು ಮಾತು ಹೇಳುತ್ತೇನೆ. ಹೊಸ ಮುದ್ರಣದಲ್ಲಿ ಅಮ್ಮನ ವಾಕ್ಯದ ನಕ್ಷತ್ರ ತೆಗೆ. ಅದು ಒಳ್ಳೆಯ ಇಂಗ್ಲಿಷ್, ಹೀಗೆ ಆಡುವವರಿದ್ದಾರೆ ಎಂದು ಅಲ್ಲೇ ಒಂದು ಸಾಲು ಹಾಕು. ಅಷ್ಟು ಮಾಡಿದರೆ ಉಳಿದ ಹದಿನಾರಕ್ಕೆ ನೀನು ಹೇಳಿದ ಹಾಗೆ ಸಹಿ ಹಾಕುತ್ತೇನೆ. ಸುಳ್ಳೇ ಆಗಲಿ, ಹಾಕುತ್ತೇನೆ. ಹದಿನಾಲ್ಕು ವರ್ಷ ಹಾಕಿದವಳಿಗೆ ಇನ್ನೊಂದು ದಿನ ಕಷ್ಟವಲ್ಲ.

ವರ್ನಾ


ವುಸ್ಟರ್
ಡಿಸೆಂಬರ್ ೧, ೧೯೭೯

ವರ್ನಾ,

ನಿನ್ನ ಪತ್ರ ಓದಿದ ಮೇಲೆ ಮಹಡಿಯ ಪೆಟ್ಟಿಗೆಯಿಂದ ೬೨ರ ಟಿಪ್ಪಣಿ ಪುಸ್ತಕ ತೆಗೆದೆ. ನವೆಂಬರ್ ೨೨ರ ಪುಟದಲ್ಲಿ ವಾಕ್ಯವಿದೆ. ಯಾರು ಆಡಿದರು ಎಂದು ಬರೆದಿಲ್ಲ, ನಾನು ಅದನ್ನು ಎಂದೂ ಬರೆಯುತ್ತಿರಲಿಲ್ಲ. ಬೇರೆ ಪುಟಗಳಲ್ಲಿ ಪೆನ್ಸಿಲಿನಲ್ಲಿ 'ಸರಿ' ಎಂದು ಬರೆದು, ರಬ್ಬರಿನಲ್ಲಿ ಅಳಿಸಿ, ಮೇಲೆ ಶಾಯಿಯಲ್ಲಿ ನಕ್ಷತ್ರ ಹಾಕಿದ ಜಾಗಗಳಿವೆ. ನಾಲ್ಕು ಕಂಡವು. ಅಳಿಸಿದ್ದೇಕೆ ಎಂದು ಈಗ ಹೇಳಲಾರೆ. ಎರಡನೆಯ ಸಲ ಕೇಳಿದಾಗ ನೀನು ಬೇರೆ ಹೇಳಿರಬೇಕು.

ನಿನ್ನ ತಾಯಿಯ ವಿಷಯ ತಿಳಿದು ಬೇಸರವಾಯಿತು. ಹೆಸ್ಟರ್ ಒಳ್ಳೆಯ ಹೆಂಗಸು. ಆದರೆ ನೀನು ಕೇಳುತ್ತಿರುವುದನ್ನು ಮಾಡಲಾಗದು. ಒಂಬತ್ತು ಸರಿಯಾದರೆ ಉಳಿದ ಹದಿನಾರು ತಪ್ಪಾಗಲು ಕಾರಣವೇ ಉಳಿಯುವುದಿಲ್ಲ. ಒಂದು ವಾಕ್ಯ ಒಬ್ಬರ ಅಮ್ಮನದು ಎಂಬುದಕ್ಕೆ ಶಾಸ್ತ್ರದಲ್ಲಿ ಜಾಗವಿಲ್ಲ.

ಕಾರ್ಡುಗಳನ್ನು ಯಾರಿಗೂ ತೋರಿಸಿಲ್ಲ. ನೀನೂ ಈ ಪತ್ರಗಳನ್ನು ನಿನ್ನಲ್ಲೇ ಇಟ್ಟುಕೋ.

ಎಂಡೆಲ್


ಚಿಲಿಕಾಥಿ
ಡಿಸೆಂಬರ್ ೧೩, ೧೯೭೯

ಎಂಡೆಲ್,

ಶಾಸ್ತ್ರದಲ್ಲಿ ಅಮ್ಮನಿಗೆ ಜಾಗವಿಲ್ಲ, ಅಮ್ಮನ ಮಾತಿಗೆ ಮಾತ್ರ ಇದೆ. ಸರಿ.

ನಿನ್ನೆ ಒಂಬತ್ತನೆಯ ವಾಕ್ಯವನ್ನು ಒಂದು ಚೀಟಿಯ ಮೇಲೆ ಬರೆದು ಅಡುಗೆಮನೆಗೆ ತೆಗೆದುಕೊಂಡು ಹೋದೆ. ಮಕ್ಕಳ ಊಟ ಮುಗಿದು ನಾವು ಹನ್ನೊಂದು ಮಂದಿ ಕಾಫಿಗೆ ಕೂತಿದ್ದೆವು. ಯಾರ ಮಾತು, ಯಾಕೆ ಎಂದು ಹೇಳದೆ ಓದಿದೆ. ಇದರಲ್ಲಿ ತಪ್ಪೇನಾದರೂ ಇದೆಯೇ ಎಂದೆ. ಹುಬ್ಬು ಅಲ್ಲಾಡದ ಹಾಗೆ ಮುಖ ಬಿಗಿಹಿಡಿದಿದ್ದೆ, ನಿನ್ನಿಂದ ಅಷ್ಟಾದರೂ ಕಲಿತಿದ್ದೇನೆ. ತಪ್ಪು ಎಲ್ಲಿ ಎಂದು ಉಳಿದ ಹತ್ತು ಜನಕ್ಕೂ ಗೊತ್ತಾಗಲಿಲ್ಲ. ಪಾತ್ರೆ ಸರಿಯಾಗಿ ತೊಳೆದಿಲ್ಲವೇನೋ ಎಂದು ಒಬ್ಬಳು ಕೇಳಿದಳು.

ಇದನ್ನು ಯಾರೂ ಆಡುವುದಿಲ್ಲ ಎಂದು ಪುಸ್ತಕದಲ್ಲಿ ಅಚ್ಚಾಗಿದೆ ಎಂದೆ. ಓಪಲ್ ಎಂಬುವಳು, ಅರವತ್ತು ದಾಟಿದವಳು, ಲೋಟ ಕೆಳಗಿಟ್ಟಳು. "ಬರೆದೋನು ಯಾವನೇ? ಜನ್ಮದಲ್ಲಿ ಒಂದು ಪಾತ್ರೆ ತೊಳೆದಿದಾನಾ ಅವನು?" ಎಂದು ಕೇಳಿದಳು. ನಾನು ಹದಿನಾಲ್ಕು ವರ್ಷ ನೋಡಿದ್ದೇನಲ್ಲ, ಇಲ್ಲ ಎಂದೆ. ಅವರು ನಕ್ಕ ನಗೆ ಇಡೀ ಶಾಲೆಗೆ ಕೇಳಿಸಿತು.

ಮನೆಗೆ ಬಂದ ಮೇಲೆ ಆ ಸ್ಟ್ರಾಟನ್ ಎಂಬುವಳಿಗೆ ಬರೆದುಬಿಡೋಣ ಎನ್ನಿಸಿತು. ವಿಳಾಸ ಹುಡುಕುವುದು ದೊಡ್ಡ ಕೆಲಸವಲ್ಲ. ಬರೆದಿಲ್ಲ. ಯಾಕೆ ಬರೆದಿಲ್ಲ ಎಂದು ಕೇಳಬೇಡ.

ವರ್ನಾ


ವುಸ್ಟರ್
ಜನವರಿ ೬, ೧೯೮೦

ಪ್ರಿಯ ವರ್ನಾ,

ಸಭೆ ಮುಗಿಯಿತು. ನೀನು ಸ್ಟ್ರಾಟನ್‌ಗೆ ಬರೆಯಲಿಲ್ಲ, ಅದು ಅವಳ ಪ್ರಬಂಧದಲ್ಲೇ ತಿಳಿಯಿತು. ಅದಕ್ಕೆ ಮೊದಲು ಧನ್ಯವಾದ ಹೇಳಬೇಕು.

ಅವಳು ಚೆನ್ನಾಗಿ ಮಾತಾಡಿದಳು, ಮೆಲ್ಲಗೆ, ಒರಟುತನವಿಲ್ಲದೆ. ಕೊನೆಗೆ ನನ್ನ ಕಡೆ ತಿರುಗಿ, ಪ್ರೊಫೆಸರ್ ರೌಡ್ ಅವರ ಹದಿನೇಳು ತೀರ್ಪುಗಳು ಯಾರವು ಎಂದು ಕೇಳಿದಳು. ಇನ್ನೂರು ಜನರಿದ್ದರು. ನಾನು ಎದ್ದು, "ನನ್ನ ಹೆಂಡತಿಯವು" ಎಂದೆ. ಸಭೆಯೆಲ್ಲ ನಕ್ಕಿತು. ನನ್ನ ವಯಸ್ಸಿನವರೇ ಹೆಚ್ಚು ನಕ್ಕರು, ಪ್ರತಿಯೊಬ್ಬನಿಗೂ ಅವನ ಮನೆಯ ಕಥೆ ಗೊತ್ತಲ್ಲ. ಅವಳು ಮಾತ್ರ ನಗಲಿಲ್ಲ. ಈಗ ಅವರು ಏನೆನ್ನುತ್ತಾರೆ ಎಂದು ಕೇಳಿದಳು. ಈಗಲೂ ಅದನ್ನೇ ಎನ್ನುತ್ತಾರೆ ಎಂದೆ. ಸುಳ್ಳು ಹೇಳಿ ಕೂತೆ.

ಅಂದಿನಿಂದ ನಿದ್ದೆ ಸರಿಯಾಗಿಲ್ಲ. ವರ್ನಾ, ನಾನು ಈ ಭಾಷೆಯಲ್ಲಿ ಮೂವತ್ತು ವರ್ಷದಿಂದ ಇದ್ದೇನೆ. ಅಂಗಡಿಯಲ್ಲಿ ಹಾಲು ಕೇಳಿದರೂ ಯಾವ ದೇಶ ನಿಮ್ಮದು ಎನ್ನುತ್ತಾರೆ. ನೀನು ಸುಮ್ಮನೆ ಬಾಯಿ ತೆಗೆದರೆ ಸರಿಯಾದದ್ದು ಬರುತ್ತಿತ್ತು. ಅದನ್ನು ನೋಡಿ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು ಎಂದು ಇಂದು ಒಪ್ಪಿಕೊಳ್ಳುತ್ತೇನೆ. ನನ್ನ ಅಮ್ಮನನ್ನು ದಡದಲ್ಲಿ ಬಿಟ್ಟು ದೋಣಿ ಹತ್ತಿದವನು ನಾನು. ಅವಳಿಂದ ಏಳು ಕಾಗದ ಬಂದವು, ಅರ್ಧಕ್ಕರ್ಧ ಸಾಲುಗಳ ಮೇಲೆ ಅಲ್ಲಿನ ಸರ್ಕಾರದವರು ಕಪ್ಪು ಬಳಿದಿದ್ದರು. ಅವಳು ಏನು ಬರೆದಿದ್ದಳು ಎಂದು ನನಗೆ ಇಂದಿಗೂ ತಿಳಿಯದು. ಆಡದ ಮಾತು ಎಲ್ಲೋ ಇಡಿಯಾಗಿ ಇದ್ದೇ ಇರುತ್ತದೆ ಎಂದು ಒಂದು ಪುಸ್ತಕ ಬರೆದವನಿಗೆ ಬೇರೆ ಏನು ಕಾರಣವಿರುತ್ತದೆ?

ಹೆಸ್ಟರ್‌ಳ ವಾಕ್ಯದ ನಕ್ಷತ್ರ ತೆಗೆಯುತ್ತೇನೆ. ಓಹಿಯೋದ ದಕ್ಷಿಣದಲ್ಲಿ ಹೀಗೆ ಆಡುತ್ತಾರೆ, ಅದು ಸರಿ ಎಂದು ಅಲ್ಲೇ ಬರೆಯುತ್ತೇನೆ. ಮಾತು ಕೊಡುತ್ತಿದ್ದೇನೆ. ಹದಿನಾರು ಹೊಸ ಕಾರ್ಡುಗಳನ್ನು ಇಟ್ಟಿದ್ದೇನೆ. ಪ್ರಕಾಶಕರಿಗೆ ಅವು ಈ ತಿಂಗಳೊಳಗೆ ತಲುಪಿದರೆ ಮುದ್ರಣ ಶುರುವಾಗುತ್ತದೆ.

ನಿನ್ನ,
ಎಂಡೆಲ್


ಚಿಲಿಕಾಥಿ
ಜನವರಿ ೨೦, ೧೯೮೦

ಪ್ರಿಯ ಎಂಡೆಲ್,

ನಿನ್ನ ಅಮ್ಮನ ಕಾಗದಗಳ ವಿಷಯ ಹದಿನಾಲ್ಕು ವರ್ಷದಲ್ಲಿ ಒಂದು ದಿನವೂ ನನಗೆ ಹೇಳಿರಲಿಲ್ಲ. ಆಗ ಹೇಳಿದ್ದರೆ ಎಂದು ಈಗ ಬರೆದು ಪ್ರಯೋಜನವಿಲ್ಲ.

ಹದಿನಾರಕ್ಕೂ ತಪ್ಪು ಎಂದು ಬರೆದು ಸಹಿ ಹಾಕಿದ್ದೇನೆ. ಓಪಲ್‌ಗೆ ಹೇಳಿಲ್ಲ. ಅವಳು ಬೆಳಿಗ್ಗೆ ನನ್ನ ಪಕ್ಕದಲ್ಲೇ ಆಲೂಗೆಡ್ಡೆ ಸುಲಿಯುತ್ತಾ ಆ ಹದಿನಾರರಲ್ಲಿ ಎರಡನ್ನು ಅಚ್ಚುಕಟ್ಟಾಗಿ ಆಡಿದಳು. ನಾನು ತಲೆ ತಗ್ಗಿಸಿಕೊಂಡು ಸುಲಿದೆ.

ಡ್ವೈಟ್‌ಗೆ ಮಾತ್ರ ಫೋನ್ ಮಾಡಿದೆ. ಅಮ್ಮನ ಮಾತು ಪುಸ್ತಕದಲ್ಲಿ ಸರಿ ಎಂದು ಅಚ್ಚಾಗುತ್ತದೆ ಎಂದೆ. ಅವನಿಗೆ ಆ ಥ್ಯಾಂಕ್ಸ್‌ಗಿವಿಂಗ್ ಗೊತ್ತಿತ್ತು. ಅಮ್ಮ ಬಸ್ಸಿಳಿದ ತಕ್ಷಣ ಅವನಿಗೆ ಹೇಳಿದ್ದಳಂತೆ, ನನಗೆ ಇಷ್ಟು ವರ್ಷ ಅವನು ಹೇಳಿರಲಿಲ್ಲ. ಪುಸ್ತಕ ಬಂದಾಗ ನಾನೇ ಬಂದು ಕೇಳಿಸಿಕೊಳ್ಳುತ್ತೇನೆ, ನೀನೇ ಓದಬೇಕು ಎಂದ. ಅವಳಿಗೆ ತಪ್ಪು ಎಂದ ಬಾಯಿಂದಲೇ ಸರಿ ಎಂದು ಬರಲಿ ಎಂದು ಅವನು ಅನ್ನಲಿಲ್ಲ, ನನಗೆ ಕೇಳಿಸಿತು.

ಎಂಡೆಲ್, ಇದೊಂದನ್ನು ಮಾಡು. ಮಿಕ್ಕಿದ್ದನ್ನೆಲ್ಲ ನಾನು ಬಿಟ್ಟೆ.

ವರ್ನಾ


ವುಸ್ಟರ್
ಮೇ ೧೪, ೧೯೮೦

ಪ್ರಿಯ ವರ್ನಾ,

ಹೊಸ ಮುದ್ರಣದ ಮೊದಲ ಪ್ರತಿಗಳು ಬಂದಿವೆ, ಒಂದನ್ನು ಬೇರೆ ಅಂಚೆಯಲ್ಲಿ ಕಳಿಸಿದ್ದೇನೆ. ರಟ್ಟಿನ ಬಣ್ಣ ನಿನಗೆ ಹಿಡಿಸಬಹುದು. ನಿನ್ನ ಕಾರ್ಡುಗಳನ್ನು ಕಂಡ ಮೇಲೆ ಸಂಪಾದಕರಿಗೆ ಯಾವ ಆಕ್ಷೇಪವೂ ಉಳಿಯಲಿಲ್ಲ. ಸ್ಟ್ರಾಟನ್ ಬರೆದದ್ದಕ್ಕೆ ಮುನ್ನುಡಿಯಲ್ಲಿ ಎರಡು ಪುಟದ ಉತ್ತರ ಕೊಟ್ಟಿದ್ದೇನೆ. ಈ ಸಲ ನಿನ್ನ ಹೆಸರು ಪೂರ್ತಿಯಾಗಿ ಅಚ್ಚಾಗಿದೆ, ಅದು ನನ್ನ ಒತ್ತಾಯದಿಂದ.

ಪುಟ ೧೧೨ರಲ್ಲಿ ನಿನಗೆ ನೋವಾಗುವಂಥದ್ದು ಈಗ ಏನೂ ಇಲ್ಲ. ನಕ್ಷತ್ರಗಳ ಸಾಲಿನ ನಡುವೆ ಒಂದು ಮಾತ್ರ ಸರಿ ಎಂದಿದ್ದರೆ ವಿದ್ಯಾರ್ಥಿಗಳಿಗೆ ಗೊಂದಲವಾಗುತ್ತಿತ್ತು, ಸಂಪಾದಕರೂ ಅದನ್ನೇ ಹೇಳಿದರು. ಹೀಗೆ ಎಲ್ಲರಿಗೂ ಒಳ್ಳೆಯದಾಯಿತು.

ಕೃತಜ್ಞತೆಗಳೊಂದಿಗೆ,
ಎಂಡೆಲ್


ಚಿಲಿಕಾಥಿ
ಜೂನ್ ೨, ೧೯೮೦

ಎಂಡೆಲ್,

ಪುಸ್ತಕ ಗುರುವಾರ ಬಂತು, ಕಾಗದಕ್ಕಿಂತ ಮೊದಲು. ಬಂದ ಖುಷಿಗೆ ತೆರೆದು ನೋಡುವ ಮೊದಲೇ ಡ್ವೈಟ್‌ಗೆ ಫೋನ್ ಮಾಡಿ ಭಾನುವಾರ ಬಾ ಎಂದುಬಿಟ್ಟೆ. ಆಮೇಲೆ ೧೧೨ನೆಯ ಪುಟ ತೆಗೆದೆ.

ಹದಿನಾರು ವಾಕ್ಯಗಳಿವೆ, ಒಂದರಿಂದ ಹದಿನಾರರವರೆಗೆ. ಒಂಬತ್ತನೆಯದು ಯಾವನೋ ಬೇಲಿಗೆ ಬಣ್ಣ ಬಳಿಯುವ ಮಾತು, ಅದು ಮೊದಲು ಹತ್ತನೆಯದಾಗಿತ್ತು. ಎಲ್ಲೋ ಅಡಿಯಲ್ಲಿ ಇರಬಹುದು ಎಂದು ಟಿಪ್ಪಣಿಗಳಲ್ಲಿ ಹುಡುಕಿದೆ. ಮುಂದಿನ ಪುಟ ನೋಡಿದೆ, ಹಿಂದಿನ ಪುಟ ನೋಡಿದೆ, ಕೊನೆಯ ಸೂಚಿ ನೋಡಿದೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆದಿದ್ದೀಯ. ಮೊದಲಿನ ಪುಸ್ತಕ ಓದದವರಿಗೆ ಅಲ್ಲಿ ಏನೋ ಇತ್ತು ಎಂಬ ಅನುಮಾನವೂ ಬರುವುದಿಲ್ಲ.

ನಾನು ನಕ್ಷತ್ರ ತೆಗೆ ಅಂದಿದ್ದೆ. ಅಮ್ಮನನ್ನಲ್ಲ.

ತಪ್ಪು ಎಂಬ ಹಣೆಪಟ್ಟಿಯೊಂದಿಗಾದರೂ ಹದಿಮೂರು ವರ್ಷ ಅವಳು ಅಲ್ಲಿದ್ದಳು. ಯಾವುದೋ ಊರಿನ ಹುಡುಗಿಯೊಬ್ಬಳು ಪರೀಕ್ಷೆಗೆ ಓದುತ್ತಾ, ಇದು ನಮ್ಮಜ್ಜಿಯ ಮಾತಲ್ಲವೇ ಎಂದುಕೊಂಡಿರಬಹುದು. ಈಗ ಅದೂ ಇಲ್ಲ. ಅವಳ ಜಾಗದ ಕೆಳಗೆ ನನ್ನ ಹೆಸರಿದೆ: 'ಈ ಎಲ್ಲ ತೀರ್ಪುಗಳನ್ನು ಓಹಿಯೋದ ವರ್ನಾ ಪ್ರೂಯಿಟ್ ೧೯೮೦ರಲ್ಲಿ ಮತ್ತೆ ಖಚಿತಪಡಿಸಿದ್ದಾರೆ.' ಇಷ್ಟು ವರ್ಷ ನನ್ನ ಹೆಸರು ಹಾಕು ಎಂದು ಮನಸ್ಸಿನಲ್ಲೇ ಕೇಳುತ್ತಿದ್ದೆ. ನಾನು ಗೊತ್ತಿದ್ದೂ ಸುಳ್ಳು ಹೇಳಿದ ಜಾಗದಲ್ಲಿ ನೀನು ಹಾಕಿದೆ.

ಶುಕ್ರವಾರ, ಶನಿವಾರ, ಎರಡು ದಿನ ಡ್ವೈಟ್‌ಗೆ ಬರಬೇಡ ಎನ್ನಲು ಫೋನ್ ಕೈಗೆತ್ತಿಕೊಂಡು ಇಟ್ಟೆ. ಭಾನುವಾರ ಚರ್ಚು ಮುಗಿಸಿ ಅದೇ ಬಿಳಿ ಅಂಗಿಯಲ್ಲಿ ಬಂದ. ಮೇಜಿನ ಆಚೆ ಕೂತು, ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು, "ಓದು" ಎಂದ. ಮುಖದಲ್ಲಿ ನಗುವಿರಲಿಲ್ಲ. ನಾನು ಪುಸ್ತಕ ತೆರೆದು ನನ್ನ ಕಡೆಗೆ ಹಿಡಿದುಕೊಂಡೆ. ಬೇಲಿಯ ವಾಕ್ಯದ ಮೇಲೆ ಬೆರಳಿಟ್ಟು ಓದಿದೆ: "ಆ ಪಾತ್ರೆ ತೊಳೆಯೋದಿತ್ತು, ನಾನಾಗಲೇ. ಓಹಿಯೋದ ದಕ್ಷಿಣದಲ್ಲಿ ಹೀಗೆ ಆಡುತ್ತಾರೆ. ಇದು ಸರಿ."

"ನಕ್ಷತ್ರ ಇಲ್ವಾ?" ಎಂದು ಕೇಳಿದ.

"ಇಲ್ಲ."

ಅವನು ತಲೆಯಾಡಿಸಿದ. ಇನ್ನೊಂದು ಸಲ ಓದು ಎಂದ. ಓದಿದೆ. ನಿನ್ನ ಹಾಗೆ ಮೂರನೆಯ ಸಲ ಓದಿಸಲಿಲ್ಲ. "ಅಮ್ಮ ಇದ್ದಿದ್ರೆ" ಎಂದು ಅಲ್ಲಿಗೇ ನಿಲ್ಲಿಸಿದ. ಎದ್ದು ಹೋಗಿ ಕಿಟಕಿಯ ಕಡೆ ಮುಖ ಮಾಡಿ ನಿಂತುಕೊಂಡ. ಹನ್ನೆರಡನೆಯ ವಯಸ್ಸಿನ ಮೇಲೆ ಅವನು ಅತ್ತದ್ದನ್ನು ನಾನು ನೋಡಿರಲಿಲ್ಲ.

ನಿನಗೆ ಸುಳ್ಳು ಹೇಳಿದೆ, ಓಪಲ್‌ಗೆ ಸುಳ್ಳಾದೆ, ಈಗ ಅವನಿಗೂ. ನನ್ನ ಬಾಯಿಂದ ಸರಿ ಎಂದು ಒಮ್ಮೆಯಾದರೂ ಬರಲಿ ಎಂದಿದ್ದವನಿಗೆ ಅದೂ ಸುಳ್ಳಿನಲ್ಲೇ ಬಂತು. ಹೊರಡುವಾಗ ಪುಸ್ತಕ ಕೊಡು, ಹೆಣ್ಣುಮಕ್ಕಳಿಗೆ ಅವರ ಅಜ್ಜಿಯ ಮಾತು ತೋರಿಸುತ್ತೇನೆ ಎಂದ. ಇದು ನಿನಗೆ ವಾಪಸು ಕಳಿಸಬೇಕಾದ ಪ್ರತಿ ಎಂದೆ. ಇನ್ನೊಂದನ್ನು ಎಲ್ಲಿಂದಲಾದರೂ ತರಿಸುತ್ತೇನೆ ಎಂದು ಹೆಸರು ಬರೆದುಕೊಂಡು ಹೋಗಿದ್ದಾನೆ. ಯಾವತ್ತು ಕೈಗೆ ಬರುತ್ತದೋ ಗೊತ್ತಿಲ್ಲ. ಅಲ್ಲಿಯವರೆಗೆ ನನಗೆ ತಮ್ಮನಿದ್ದಾನೆ.

ಪುಸ್ತಕ ಈ ಕಾಗದದ ಜೊತೆಗಿದೆ. ಇನ್ನು ಬರೆಯಬೇಡ.

ವರ್ನಾ ಪ್ರೂಯಿಟ್